ಹೊಸಬರಿಗೆ ಐದು ಜಪಾನಿ ಸಿನಿಮಾ

ಹಗರಿಬೊಮ್ಮನಹಳ್ಳಿ
4 ನವೆಂಬರ್ 2024

ಶ್ರೀ ಗುರುಶಾಂತ ಅವರಿಗೆ ಗಂಗಾಂಬಿಕಾಳ ಶರಣು.

ಮೊನ್ನೆ ನೀವು ನಿಮ್ಮ ತಾಯಿಯವರ ಜೊತೆ ನನ್ನನ್ನು ನೋಡಲು ಬಂದು ಹೋದಿರಿ. ಅವಲಕ್ಕಿ ತಿಂದಿರಿ, ಚಹಾ ಕುಡಿದಿರಿ, ಎಲ್ಲರ ಮುಖ ನೋಡಿ ನಕ್ಕಿರಿ. ನಮ್ಮ ಸೋದರಮಾವ ಶಿವಯೋಗಪ್ಪನವರು "ಅಂಗಡಿ ಹೆಂಗ ನಡದೈತ್ರಿ?" ಎಂದು ಕೇಳಿದ್ದಕ್ಕೂ ನಕ್ಕಿರಿ. ಹರಪನಹಳ್ಳಿಯಲ್ಲಿ ಅಂಗಡಿ ನಡೆಸುವುದು ಅಷ್ಟೊಂದು ನಗೆಯ ವಿಷಯವೆಂದು ನಮಗೆ ತಿಳಿದಿರಲಿಲ್ಲ.

ನೀವು ಹೋದ ಮೇಲೆ, ಈ ಸಂಬಂಧ ತಂದ ಕೊಟ್ಟೂರಿನ ಹಾಲೇಶಪ್ಪನವರು ಒಂದು ಪೆನ್ ಡ್ರೈವ್ ತೆಗೆದು ನಮ್ಮವ್ವನ ಕೈಗಿಟ್ಟರು. "ಹುಡುಗ ಕೊಟ್ಟಾನ. ಇದರಾಗ ಐದು ಜಪಾನಿ ಸಿನಿಮಾ ಅದಾವಂತ, ಹುಡುಗಿ ನೋಡಬೇಕಂತ" ಅಂದರು. ನಮ್ಮವ್ವ ಗುರುಬಸಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸೀರಿ ಕೊಡೋರ್ನ ನೋಡೀನಿ, ಹೂವು ಕೊಡೋರ್ನ ನೋಡೀನಿ. ಇದ್ಯಾವ ಪದ್ಧತಿ ಯವ್ವಾ?" ಅಂದಳು.

ನಾನು ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ ಬರೆಯುವವಳು. ಯಾರಾದರೂ ಪುಕ್ಕಟೆ ಏನಾದರೂ ಕೊಟ್ಟರೆ, ಅದರ ಹಿಂದೆ ಯಾರ ಹಕ್ಕು ಅಂಟಿಕೊಂಡಿದೆ ಎಂದು ಹುಡುಕುವುದು ನನ್ನ ಹೊಟ್ಟೆಪಾಡು. ಅದಕ್ಕೇ ಕೇಳುತ್ತಿದ್ದೇನೆ. ಜಪಾನೇ ಏಕೆ? ಇದು ಪರೀಕ್ಷೆಯೇ? ಪೆನ್ ಡ್ರೈವಿನೊಳಗೆ ಸಿನಿಮಾಗಳಿಗೆ ಹೆಸರೂ ಇಲ್ಲ, ಒಂದರಿಂದ ಐದರವರೆಗೆ ಅಂಕಿ ಮಾತ್ರ ಇವೆ. ಹೆಸರಿಲ್ಲದ ಮಾಲನ್ನು ನಾನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ.

ಉತ್ತರ ಕಾಗದದಲ್ಲೇ ಬರಲಿ. ಹಿಂದೆ ಒಂದು ಸಂಬಂಧ ಗಟ್ಟಿಯಾಗುವ ಹೊತ್ತಿಗೆ, ಆ ಹುಡುಗನಿಗೆ ನಾನು ಫೋನಿನಲ್ಲಿ ಬರೆದ ಮಾತುಗಳನ್ನು ಅವನ ತಂಗಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಅವರ ಬಳಗವೆಲ್ಲ ಓದಿ ಅಂಕ ಕೊಟ್ಟಿತು. ಹಾಲು ಕುಡಿದು ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾರೆ. ಹಾಲೇಶಪ್ಪನವರ ಮಂಡಕ್ಕಿ ಅಂಗಡಿ ಕೊಟ್ಟೂರು ಬಸ್ ನಿಲ್ದಾಣದ ಎದುರೇ ಇದೆ, ನಿಮಗೂ ನಮಗೂ ನಡುದಾರಿ. ಕಾಗದ ಅಲ್ಲಿ ಕೊಟ್ಟರೆ ಸಾಕು. ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿದ್ದೇನೆ. ಬಿಚ್ಚಿದರೆ ಗೊತ್ತಾಗುತ್ತದೆ.

ಗಂಗಾಂಬಿಕಾ


ಹರಪನಹಳ್ಳಿ
11 ನವೆಂಬರ್ 2024

ಗಂಗಾಂಬಿಕಾ ಅವರಿಗೆ ಶರಣು.

ಲಕೋಟೆ ಬಿಚ್ಚಿರಲಿಲ್ಲ. ಆದರೆ ಒಂದು ಮೂಲೆಯಲ್ಲಿ ಮಂಡಕ್ಕಿಯ ಎಣ್ಣೆಬೆರಳು ಮೂಡಿತ್ತು. ಪ್ರಯತ್ನ ನಡೆದಿದೆ.

ಕಾಗದದ ಮಾತು ನನಗೆ ಪೂರ್ತಿ ಒಪ್ಪಿಗೆ. ಫೋನು ನನಗೂ ಆಗಿಬರುವುದಿಲ್ಲ. ಇದು ಪರೀಕ್ಷೆಯಲ್ಲ. ನಾನು ಅಂಗಡಿ, ಗೋದಾಮುಗಳಿಗೆ ಸಿಸಿ ಕ್ಯಾಮೆರಾ ಕೂಡಿಸುವವನು, ದಿನವೆಲ್ಲ ಏಣಿಯ ಮೇಲಿರುತ್ತೇನೆ. ಇಳಿದ ಮೇಲೆ ಇರುವ ಒಂದೇ ಚಟ ಈ ಸಿನಿಮಾಗಳು. ನಿಮಗೂ ಅವು ಹಿಡಿಸಿದರೆ ಚೆನ್ನಾಗಿತ್ತು ಎನ್ನುವ ಆಸೆ, ಅಷ್ಟೇ.

ಹೆಸರು ಬರೆಯದಿರಲು ಕಾರಣವಿದೆ. ಹೆಸರು ಸಿಕ್ಕರೆ ನೀವು ಫೋನಿನಲ್ಲಿ ಹುಡುಕಿ, ಕಥೆ ಓದಿ, ಯಾರೋ ಕೊಟ್ಟ ನಕ್ಷತ್ರ ಎಣಿಸಿ ನೋಡಲು ಕೂರುತ್ತೀರಿ. ಬರಿಗೈಯಲ್ಲಿ ನೋಡಬೇಕು. ಹೊಸಬರೆಲ್ಲ ಕತ್ತಿಯ ಸಿನಿಮಾದಿಂದ ಶುರು ಮಾಡಿ, ಜಪಾನ್ ಅಂದರೆ ಕತ್ತಿ ಎಂದುಕೊಂಡು ಬಿಡುತ್ತಾರೆ. ಅದಕ್ಕೆ ಕತ್ತಿಯನ್ನು ಎರಡನೆಯದಕ್ಕೆ ಇಟ್ಟಿದ್ದೇನೆ. ಮೊದಲನೆಯದು ಕೊಡೆ ಅಂಗಡಿಯ ಅಣ್ಣತಮ್ಮಂದಿರದು, ಮೂರನೆಯದು ದೆವ್ವದ್ದು, ನಾಲ್ಕನೆಯದು ಗೊಂಬೆಚಿತ್ರ, ಕಾರ್ಟೂನಿನಂಥದ್ದು. ಮಕ್ಕಳದ್ದೆಂದು ಅದನ್ನು ಹಾರಿಸಬೇಡಿ, ದೊಡ್ಡವರೇ ಹೆಚ್ಚು ಅಳುತ್ತಾರೆ. ಐದನೆಯದು ಈಗಿನ ಕಾಲದ್ದು. ಹಿಂದಿನ ನಾಲ್ಕನ್ನು ನೋಡದವರಿಗೆ ಅದು ಸಪ್ಪೆ ಎನಿಸುತ್ತದೆ.

ಒಂದು ವಾರಕ್ಕೆ ಒಂದೇ ನೋಡಿ. ಊಟ ಮಾಡುತ್ತಾ ನೋಡಬೇಡಿ, ಕೆಳಗೆ ಬರುವ ಸಾಲುಗಳು ತಪ್ಪಿಹೋಗುತ್ತವೆ. ಆ ಕನ್ನಡ ಸಾಲುಗಳನ್ನು ಇಂಗ್ಲಿಷಿನಿಂದ ನಾನೇ ಮಾಡಿ ಕೂಡಿಸಿದ್ದು, ತಪ್ಪಿದ್ದರೆ ತಿದ್ದಿ. ಮಂದಿ ಎದ್ದುಹೋದ ಮೇಲೂ ಕ್ಯಾಮೆರಾ ಖಾಲಿ ಕೋಣೆಯಲ್ಲೇ ಕೂತಿರುತ್ತದೆ. ಸಿನಿಮಾ ಕೆಟ್ಟು ನಿಂತಿತೆಂದು ಮುಂದೆ ಓಡಿಸಬೇಡಿ. ಜಗಳವಿಲ್ಲ, ಹಾಡಿಲ್ಲ. ಬಾಗಿಲು ತೆರೆಯುವುದು, ಮುಚ್ಚುವುದು ಬಹಳ ಇದೆ.

ಗುರುಶಾಂತ


ಹಗರಿಬೊಮ್ಮನಹಳ್ಳಿ
20 ನವೆಂಬರ್ 2024

ಗುರುಶಾಂತ ಅವರಿಗೆ,

ಮೊದಲನೆಯದು ನೋಡಿದೆ. ಅವ್ವನೂ ಪಕ್ಕದಲ್ಲಿ ಕೂತಿದ್ದಳು. ಅರ್ಧ ಗಂಟೆ ಕಳೆದ ಮೇಲೆ "ಇನ್ನೂ ಶುರು ಆಗಿಲ್ಲೇನ?" ಎಂದು ಕೇಳಿದಳು. ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಏಕೆಂದು ಕೇಳಿದರೆ, "ಆ ಅಣ್ಣ ಒಬ್ಬನ ಕುಂತಾನಲ್ಲ, ಅದಕ್ಕ" ಅಂದಳು.

ನನಗೆ ಬೇರೆಯೇ ಕಂಡಿತು. ಅಣ್ಣ ತಾನೇ ಮುಂದೆ ನಿಂತು ತಮ್ಮನ ಮದುವೆ ಮಾಡಿ ಬೇರೆ ಊರಿಗೆ ಕಳಿಸುತ್ತಾನೆ. ತಮ್ಮ ರೈಲು ಹತ್ತಿದ ಮೇಲೆ ಅಂಗಡಿಯ ಕೊಡೆಗಳನ್ನೆಲ್ಲ ಬಿಚ್ಚಿ ಬಿಚ್ಚಿ ನೆಲದ ಮೇಲಿಡುತ್ತಾನೆ. ನೀವು ಅದನ್ನು ದುಃಖ ಎನ್ನಬಹುದು. ಕೊಡೆ ಅಂಗಡಿಯಲ್ಲಿ ತಮ್ಮನ ಪಾಲು ಏನಾಯಿತು ಎಂದು ಸಿನಿಮಾ ಹೇಳುವುದೇ ಇಲ್ಲ! ತಮ್ಮ ಯಾವ ಕಾಗದಕ್ಕೂ ಸಹಿ ಮಾಡಿದ್ದನ್ನು ನಾನು ನೋಡಲಿಲ್ಲ. ಇಂಥ ಅಣ್ಣಂದಿರು ವಾರಕ್ಕಿಬ್ಬರು ನನ್ನ ಮೇಜಿನ ಮುಂದೆ ಕೂರುತ್ತಾರೆ, ಅವರೂ ಕಣ್ಣೊರೆಸಿಕೊಳ್ಳುತ್ತಾರೆ. ಆದರೂ ಒಂದು ಮಾತು ಒಪ್ಪುತ್ತೇನೆ. ಆ ಕ್ಯಾಮೆರಾ ಊಟದ ಪಂಕ್ತಿಯಲ್ಲಿ ಕೂತವರ ಹಾಗೆ ನೆಲಕ್ಕೆ ಕೂತೇ ನೋಡುವುದು ನನಗೆ ಹಿಡಿಸಿತು.

ಈಗ ಎರಡು ದೂರು.

ಮಾತಿನ ಸಾಲುಗಳ ನಡುವೆ ಕಂಸದಲ್ಲಿ ಏನೇನೋ ಬರೆದಿದ್ದೀರಿ. "(ಹೊರಗೆ ಮಳೆ)", "(ದೂರದಲ್ಲಿ ರೈಲು)", "(ಅಣ್ಣ ಕೆಮ್ಮುತ್ತಾನೆ)". ಮಳೆ ಬಂದದ್ದು, ರೈಲು ಹೋದದ್ದು ನಮಗೆ ಕೇಳಿಸುವುದಿಲ್ಲವೇ? ನಾನೇನು ಕಿವುಡಿಯೇ? ಹೆಣ್ಣುಮಕ್ಕಳಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು ಎಂದುಕೊಂಡವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎರಡನೆಯದು. ನನ್ನ ಮಾತು ನಾನೇ ಮುರಿದೆ, ನಿಮ್ಮ ಅಂಗಡಿಯ ನಂಬರಿಗೆ ಒಮ್ಮೆ ಫೋನು ಮಾಡಿದೆ. ಒಬ್ಬ ಹೆಂಗಸು ಎತ್ತಿ, "ಅಣ್ಣಾರು ಫೋನಿಗೆ ಬರಲ್ರೀ, ಏನಿದ್ರೂ ನನಗೇ ಹೇಳ್ರಿ" ಅಂದಳು. ಯಾರು ಆಕೆ? ನಿಮ್ಮ ಮನೆಯಲ್ಲಿ ತಾಯಿ ಬಿಟ್ಟರೆ ಬೇರೆ ಹೆಣ್ಣುಮಕ್ಕಳಿಲ್ಲ ಎಂದು ಹಾಲೇಶಪ್ಪನವರು ಹೇಳಿದ್ದರು.

ಗಂಗಾಂಬಿಕಾ


ಹರಪನಹಳ್ಳಿ
12 ಡಿಸೆಂಬರ್ 2024

ಗಂಗಾಂಬಿಕಾ ಅವರಿಗೆ,

ಕೆಲಸ ಹೆಚ್ಚಿತ್ತು, ಬರೆಯಲು ತಡವಾಯಿತು.

ಫೋನು ಎತ್ತಿದವರು ನಾಗರತ್ನ. ಹಲವಾಗಲಿನಿಂದ ದಿನಾ ಬಸ್ಸಿನಲ್ಲಿ ಬಂದು ಅಂಗಡಿ ನೋಡಿಕೊಳ್ಳುತ್ತಾರೆ. ಅವರ ಗಂಡ ಮೀನು ವ್ಯಾಪಾರಿ. ಇಬ್ಬರು ಮಕ್ಕಳಿದ್ದಾರೆ. ಇಷ್ಟು ಸಾಕೆಂದುಕೊಳ್ಳುತ್ತೇನೆ.

ಕಂಸದ ಸಾಲುಗಳನ್ನು ಅಳಿಸಿ ಬೇರೆ ಪ್ರತಿ ಕಳಿಸಬಹುದು. ಬೇಕಿದ್ದರೆ ತಿಳಿಸಿ.

ಗುರುಶಾಂತ


ಹಗರಿಬೊಮ್ಮನಹಳ್ಳಿ
17 ಡಿಸೆಂಬರ್ 2024

ಗುರುಶಾಂತ ಅವರಿಗೆ,

ಮೂರು ವಾರ ಸುಮ್ಮನಿದ್ದು, ಆಮೇಲೆ ನೋಟಿಸಿಗೆ ಜವಾಬು ಬರೆದ ಹಾಗೆ ಬರೆದಿದ್ದೀರಿ. ವಕೀಲರೂ ಇದಕ್ಕಿಂತ ಬೆಚ್ಚಗೆ ಬರೆಯುತ್ತಾರೆ. ನನ್ನ ಯಾವ ಮಾತು ಚುಚ್ಚಿತೆಂದು ತಲೆ ಕೆಡಿಸಿಕೊಂಡೆ. ನಾಗರತ್ನ ಅವರ ವಿಷಯ ಕೇಳಿದ್ದಕ್ಕೇ ಇಷ್ಟು ಸಿಟ್ಟೆಂದರೆ, ಕುಂಬಳಕಾಯಿ ಕಳ್ಳನ ಕಥೆ ನೆನಪಾಗುತ್ತದೆ. ಹೆಗಲು ಮುಟ್ಟಿ ನೋಡಿಕೊಂಡದ್ದು ನಾನಲ್ಲ.

ಇರಲಿ. ಎರಡನೆಯದನ್ನೂ ಮೂರನೆಯದನ್ನೂ ನೋಡಿದೆ. ಕತ್ತಿಯವನು ಯಾರೂ ದಾಟದ ಸೇತುವೆಯನ್ನು ಕಾಯುತ್ತಾನೆ. ಅಪ್ಪಣೆ ಕೊಟ್ಟ ದೊರೆಯೇ ಸತ್ತಿದ್ದಾನೆ, ಅದನ್ನು ಹೇಳಿಕಳಿಸಲು ಯಾರಿಗೂ ನೆನಪಿಲ್ಲ. ಕೊನೆಯವರೆಗೂ ಕತ್ತಿ ಒರೆಯಿಂದ ಹೊರಗೆ ಬರಲೇ ಇಲ್ಲ. ನನಗೆ ಬಹಳ ಹಿಡಿಸಿತು, ಇದನ್ನು ಸಿಟ್ಟಿನಲ್ಲೂ ಒಪ್ಪುತ್ತೇನೆ.

ಆದರೆ ಆ ದೆವ್ವದ ಸಿನಿಮಾ! ಮನೆಯೊಳಗೆ ಒಂದು ದೆವ್ವವಿದೆ. ಅತ್ತೆಗೆ ಗೊತ್ತು, ಗಂಡನಿಗೆ ಗೊತ್ತು, ನೆರೆಹೊರೆಗೂ ಗೊತ್ತು. ಹೊಸದಾಗಿ ಬಂದ ಸೊಸೆಗೆ ಮಾತ್ರ ಯಾರೂ ಹೇಳುವುದಿಲ್ಲ. ಆಕೆಯ ಕೈಯಿಂದ ದಿನಾ ಊಟಕ್ಕೆ ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಾರೆ, ಯಾರಿಗೆಂದು ಆಕೆ ಕೇಳಿದರೆ ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಾರೆ. ಮದುವೆಯಾಗಬೇಕಾದ ಹುಡುಗಿಗೆ ಈ ಸಿನಿಮಾ ಕಳಿಸುವವನ ಮನಸ್ಸಿನಲ್ಲಿ ಏನಿರಬಹುದು, ನೀವೇ ಹೇಳಿ. ನಿಮ್ಮ ಮನೆಯಲ್ಲಿ ನನಗೆ ಹೇಳದೆ ಇಟ್ಟಿರುವುದು ಏನಾದರೂ ಇದೆಯೇ?

ಗಂಗಾಂಬಿಕಾ


ಹರಪನಹಳ್ಳಿ
24 ಡಿಸೆಂಬರ್ 2024

ಗಂಗಾಂಬಿಕಾ ಅವರಿಗೆ,

ನಿಮ್ಮ ಪ್ರಶ್ನೆಗೆ ನನ್ನದೂ ಒಂದು ಪ್ರಶ್ನೆ. ಹೋದ ವಾರ ನನ್ನ ಅಂಗಡಿಗೆ ಒಬ್ಬರು ಬಂದಿದ್ದರು. ತಲೆಗೆ ರುಮಾಲು, ಕೈಯಲ್ಲಿ ಛತ್ರಿ. ಕ್ಯಾಮೆರಾ ಮಾರುವವನ ಅಂಗಡಿಯಲ್ಲಿ ಕ್ಯಾಮೆರಾ ಇರುತ್ತದೆ ಎನ್ನುವುದನ್ನು ನಿಮ್ಮ ಸೋದರಮಾವ ಮರೆತಿದ್ದರು. ಸಂಜೆ ಕ್ಯಾಮೆರಾದಲ್ಲಿ ದಾಖಲಾದದ್ದನ್ನು ತೆಗೆದು ನೋಡಿದೆ. ಅವರು ನನ್ನ ಬೆನ್ನ ಹಿಂದೆ ನಿಂತು ಏನೋ ಹೇಳುತ್ತಾರೆ, ಕಾಯುತ್ತಾರೆ, ಮತ್ತೆ ಹೇಳುತ್ತಾರೆ, ಟೇಬಲ್ಲಿಗೆ ಛತ್ರಿ ಕುಟ್ಟಿ ಹೊರಟುಹೋಗುತ್ತಾರೆ. ನಾಗರತ್ನ ಅವತ್ತು ಬಂದಿರಲಿಲ್ಲ, ನಾನು ವೈರು ಬಿಡಿಸುವುದರಲ್ಲಿ ಮುಳುಗಿದ್ದೆ. ಆಮೇಲೆ ಅವರು ಎದುರಿನ ಹೋಟೆಲಿನಲ್ಲಿ ಬಹಳ ಹೊತ್ತು ಕೂತು ಮಾಲೀಕನ ಹತ್ತಿರ ನನ್ನ ವಿಷಯ ವಿಚಾರಿಸಿದ್ದಾರೆ.

ಸಂಬಂಧ ಮಾಡುವವರು ವಿಚಾರಿಸುತ್ತಾರೆ, ಅದು ರೂಢಿ. ಆದರೆ ನೀವು ಕಾಗದದಲ್ಲಿ ಸಿನಿಮಾ ಮಾತಾಡುತ್ತಾ, ಹಿಂದಿನಿಂದ ಆಳು ಕಳಿಸಿದಿರಿ. ನನ್ನ ಕಾಗದಗಳನ್ನು ಇನ್ನೂ ಯಾರು ಯಾರು ಓದುತ್ತಿದ್ದಾರೆ? ನವೆಂಬರಿನ ಕಾಗದದಲ್ಲಿ ನೀವು ಬರೆದ ಒಂದು ಮಾತು, ಬೇಕೆಂದೇ ಬರೆದದ್ದೇ? ಆಗಲೇ ನಿಮಗೆ ಗೊತ್ತಿತ್ತೇ? ಗೊತ್ತಿದ್ದರೆ ಹಾಗೆ ಆಡಿ ತೋರಿಸುವ ಬದಲು ಬೇಡವೆಂದು ಬರೆದಿದ್ದರೆ ಸಾಕಿತ್ತು.

ಪೆನ್ ಡ್ರೈವನ್ನು ಕೊಟ್ಟೂರಿನಲ್ಲಿ ಕೊಟ್ಟುಬಿಡಿ.

ಗುರುಶಾಂತ


ಹಗರಿಬೊಮ್ಮನಹಳ್ಳಿ
30 ಡಿಸೆಂಬರ್ 2024

ಗುರುಶಾಂತ ಅವರಿಗೆ,

ಪೆನ್ ಡ್ರೈವ್ ಕೊಡುವುದಿಲ್ಲ. ಇನ್ನೂ ಎರಡು ನೋಡುವುದಿದೆ.

ಮಾವನನ್ನು ನಾನೇ ಕಳಿಸಿದೆ, ಹೌದು. ಹೆಂಗಸೊಬ್ಬಳು ಫೋನೆತ್ತಿದ ಮೇಲೆ ಕಳಿಸದೆ ಇನ್ನೇನು ಮಾಡಲಿ? ಕಾಗದವನ್ನು ಮಾತ್ರ ಯಾರಿಗೂ ತೋರಿಸಿಲ್ಲ, ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮಾವ ತಂದ ವರದಿಯನ್ನು ಅವರ ಬಾಯಲ್ಲೇ ಕೇಳಿ:

"ಏನ್ ಸೊಕ್ಕಬೇ ಅವಗ! ಬೆನ್ನ ಹಿಂದ ನಿಂತು ಎರಡೆರಡು ಸಲ ಕರದೆ, ಹೊಳ್ಳಿ ಸೈತ ನೋಡ್ಲಿಲ್ಲ. ಹೋಟ್ಲಾಗ ವಿಚಾರಿಸಿದ್ರ ಇನ್ನೊಂದ ಸುದ್ದಿ ಹೊರಬಿತ್ತು. ಮಧ್ಯಾಹ್ನಾದ್ರ ಅರ್ಧ ಷಟರ್ ಎಳಕೊಂಡು ಸಿನಿಮಾ ನೋಡ್ತಾನಂತ. ಒಂದೀಟೂ ಸೌಂಡ್ ಇರಂಗಿಲ್ಲಂತ. ಸೌಂಡ್ ಇಲ್ದ ಕದ್ದು ನೋಡೋ ಸಿನಿಮಾ ಎಂಥವು ಅಂತ ನನಗ ತಿಳಿಯಂಗಿಲ್ಲೇನು?"

"ಅವು ಜಪಾನಿ ಸಿನಿಮಾ ಮಾವ" ಎಂದೆ, ನಿಮ್ಮ ಪರವಾಗಿ. "ಜಪಾನಿ ಬೇರೆ! ಹಂಗಾರ ಮುಗದ ಹೋತು" ಎಂದು ಮಾವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಅವ್ವ ಕೊಡೆ ಅಂಗಡಿಯ ಅಣ್ಣನ ಕಥೆ ಹೇಳಲು ಹೋಗಿ, ನನ್ನ ಜೊತೆ ಕೂತು ತಾನೂ ಹೊಲಸು ಸಿನಿಮಾ ನೋಡಿದಳೆಂದು ಬೈಸಿಕೊಂಡಳು.

ನನಗೆ ನಗುವೂ ಬಂತು, ಭಯವೂ ಆಯಿತು. ನವೆಂಬರಿನ ಯಾವ ಮಾತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ನನಗೆ ಏನೂ ಗೊತ್ತಿಲ್ಲ. ಗೊತ್ತಿರಬೇಕಾದದ್ದು ಏನೋ ಇದೆ ಎನ್ನುವುದು ಮಾತ್ರ ನಿಮ್ಮ ಕಾಗದದಿಂದಲೇ ಗೊತ್ತಾಯಿತು. ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿ ಎರಡಕ್ಕೆ ಎಲೆ-ಅಡಿಕೆ ಬದಲಿಸುವುದೆಂದು ಹಿರಿಯರು ಮಾತಾಡಿಕೊಂಡಿದ್ದಾರೆ. ಮಾವ ಬೇಡ ಎನ್ನುತ್ತಿದ್ದಾರೆ, ನಾನು ತಡೆದು ಹಿಡಿದಿದ್ದೇನೆ. ಎಷ್ಟು ದಿನ ಹಿಡಿಯಲಿ? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಗಂಗಾಂಬಿಕಾ


ಹರಪನಹಳ್ಳಿ
6 ಜನವರಿ 2025

ಗಂಗಾಂಬಿಕಾ ಅವರಿಗೆ,

ನನಗೆ ಕಿವಿ ಕೇಳಿಸುವುದಿಲ್ಲ.

ಎಡಗಿವಿ ಚಿಕ್ಕಂದಿನಲ್ಲೇ ಹೋಯಿತು. ಬಲಗಿವಿ ನಾಲ್ಕಾರು ವರ್ಷಗಳಿಂದ ಸವೆಯುತ್ತಿದೆ. ಅದೂ ಪೂರ್ತಿ ಹೋಗುತ್ತದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದಾರೆ. ಕಿವಿಗೆ ಮಷೀನು ಹಾಕಿಕೊಂಡು ಎದುರಿಗೊಬ್ಬರೇ ಕೂತರೆ, ಅವರ ತುಟಿ ನೋಡುತ್ತಾ ಹೇಗೋ ಮಾತಾಡುತ್ತೇನೆ. ನಾಲ್ಕು ಜನ ಸೇರಿದರೆ ಎಲ್ಲ ಕಲಸಿಹೋಗುತ್ತದೆ. ಫೋನಂತೂ ಆಗುವುದೇ ಇಲ್ಲ, ಅದಕ್ಕೇ ನಾಗರತ್ನಕ್ಕ ಎತ್ತುವುದು. ನಿಮ್ಮ ಮಾವ ಕರೆದದ್ದು ನನಗೆ ಕೇಳಿಸಲಿಲ್ಲ. ವೈರಿನಲ್ಲಿ ಮುಳುಗಿದ್ದೆ ಎಂದು ಬರೆದದ್ದು ಸುಳ್ಳು.

ನಿಮ್ಮನ್ನು ನೋಡಲು ಬಂದ ದಿನ, ನಿಮ್ಮ ಮನೆಯ ಮೆಟ್ಟಿಲ ಹತ್ತಿರ ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅದನ್ನ ತೆಗೆದು ಜೇಬಲ್ಲಿ ಇಟ್ಕಳಪ್ಪ. ಒಪ್ಪಿಗೆ ಆದ್ಮೇಲೆ ಹಾಕ್ಕಂಡ್ರೆ ಆಯ್ತು" ಅಂದಳು. ತೆಗೆದಿಟ್ಟೆ. ಅವ್ವನ ಮೇಲೆ ತಪ್ಪು ಹಾಕುತ್ತಿಲ್ಲ, ನನಗೂ ಹಾಗೇ ಬೇಕಿತ್ತು. ಮೊದಲು ಕೂಡ್ಲಿಗಿಯ ಒಂದು ಮನೆಯಲ್ಲಿ ಕೂತ ಕೂಡಲೇ ಹೇಳಿಬಿಟ್ಟಿದ್ದೆ. ಹೋಳಿಗೆ ಬಡಿಸಿ ಕಳಿಸಿದರು. ಆಮೇಲೆ ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು, ನಾವು ಜಾತಕ ಕೊಟ್ಟೇ ಇರಲಿಲ್ಲ. ಹಾಲೇಶಪ್ಪನವರಿಗೆ ಎಲ್ಲ ಗೊತ್ತು. "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ಇದು ಒಂದ ಸುಳ್ಳು, ಅದೂ ಬಾಯಿಬಿಟ್ಟು ಹೇಳಿದ್ದಲ್ಲ" ಅಂದರು.

ಜಪಾನೇ ಏಕೆ ಎಂದು ಕೇಳಿದ್ದಿರಿ. ಟಾಕೀಸಿನಲ್ಲಿ ಕನ್ನಡ ಸಿನಿಮಾ ನೋಡುವಾಗ ಗೆಳೆಯರೆಲ್ಲ ನಕ್ಕ ಮೇಲೆ ನಾನು ನಗುತ್ತಿದ್ದೆ. ಅವರ ಮುಖ ನೋಡಿ ನಗಬೇಕಲ್ಲ, ಒಂದು ಗಳಿಗೆ ತಡ. ಒಮ್ಮೆ ದಾವಣಗೆರೆಯಲ್ಲಿ ಗೆಳೆಯನೊಬ್ಬನ ಕೋಣೆಯಲ್ಲಿ ಜಪಾನಿ ಸಿನಿಮಾ ಹಾಕಿದರು. ಆ ಭಾಷೆ ಯಾರಿಗೂ ಬಾರದು. ಎಲ್ಲರೂ ಕೆಳಗಿನ ಸಾಲು ಓದಬೇಕು. ಮುದುಕನೊಬ್ಬ ಏನೋ ಅಂದ, ಕೋಣೆಯೆಲ್ಲ ಒಟ್ಟಿಗೆ ನಕ್ಕಿತು, ನಾನೂ ಅದೇ ಗಳಿಗೆಯಲ್ಲಿ ನಕ್ಕೆ. ಅವತ್ತು ಆ ಕೋಣೆಯಲ್ಲಿ ನಾನು ಕಿವುಡನಾಗಿರಲಿಲ್ಲ. ಅಂದಿನಿಂದ ಬಿಟ್ಟಿಲ್ಲ. ಅಂಗಡಿಯಲ್ಲಿ ಸದ್ದು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಕೆಳಗೆ ಬರೆಯದಿದ್ದರೆ ಆ ಊರಿನಲ್ಲಿ ಮಳೆ ಬಂದದ್ದು ನನಗೆ ತಿಳಿಯುವುದಿಲ್ಲ. ಅದಕ್ಕೇ ಕಂಸದ ಸಾಲುಗಳು, ಕಿವಿ ಕೇಳದವರಿಗೆಂದು ಮಾಡಿದ ಇಂಗ್ಲಿಷ್ ಸಾಲುಗಳಲ್ಲೇ ಅವು ಇದ್ದವು. ನಿಮಗೆ ಬಿಡಿಸಿ ಹೇಳಲು ಬರೆದದ್ದಲ್ಲ. ನನಗೆ ಸಿಕ್ಕಷ್ಟೇ ನಿಮಗೂ ಸಿಗಲಿ, ಒಂದೇ ಸಿನಿಮಾವನ್ನು ಇಬ್ಬರೂ ನೋಡಿದ ಹಾಗಾಗಲಿ ಎಂದುಕೊಂಡಿದ್ದೆ.

"ನಾನೇನು ಕಿವುಡಿಯೇ" ಎಂದು ನೀವು ಬರೆದದ್ದನ್ನು ಓದಿ, ನಿಮಗೆ ಗೊತ್ತಾಗಿದೆ, ಹಂಗಿಸುತ್ತಿದ್ದೀರಿ ಎಂದುಕೊಂಡೆ. ಕ್ಷಮಿಸಿ ಎನ್ನಲೇ ಬೇಡವೇ ಎಂದು ತಿಳಿಯುತ್ತಿಲ್ಲ. ನಿಮ್ಮ ಕಾಗದ ಬಂದ ದಿನ ಅದನ್ನು ಓದಿ ಮುಗಿಸಿಯೇ ನಾನು ಏಣಿ ಹತ್ತುತ್ತೇನೆ. ಅದೂ ನಿಮಗೆ ತಿಳಿದಿರಲಿ.

ಗುರುಶಾಂತ


ಹಗರಿಬೊಮ್ಮನಹಳ್ಳಿ
18 ಜನವರಿ 2025

ಗುರುಶಾಂತ ಅವರಿಗೆ,

ಟಿವಿಯ ಸದ್ದು ಆರಿಸಿ ನಿಮ್ಮ ಸಿನಿಮಾ ಮತ್ತೆ ನೋಡಿದೆ, ಕಣ್ಣು ತುಂಬಿ ಬಂತು ಎಂದು ಬರೆದರೆ ನಿಮಗೆ ಸಂತೋಷವಾಗಬಹುದು. ನೋಡಲಿಲ್ಲ. ಸಿಟ್ಟು ಬಂದಿತ್ತು, ಇನ್ನೂ ಇಳಿದಿಲ್ಲ.

ನವೆಂಬರಿನ ಆ ಮಾತಿಗೆ ನಾಚಿಕೆಯಾಗುತ್ತಿದೆ, ಅದು ಬೇರೆ. ಆದರೆ ಎಲೆ-ಅಡಿಕೆ ಬದಲಿಸುವ ತನಕ ಮುಚ್ಚಿಡುವುದೆಂದು ಮೂವರು ಸೇರಿ ತೀರ್ಮಾನಿಸಿದಿರಲ್ಲ, ಅದು? ಹೊಲದ ಮೇಲಿರುವ ಸಾಲದ ಬೋಜವನ್ನು ಮುಚ್ಚಿಟ್ಟು ಮಾರಲು ಬಂದವರನ್ನು ನಾನು ಮೇಜಿನ ಮುಂದಿನಿಂದ ಎಬ್ಬಿಸಿ ಕಳಿಸುತ್ತೇನೆ. ಈಗ ನನ್ನನ್ನೂ ಅದೇ ಸಾಲಿಗೆ ತಂದು ಕೂಡಿಸಿದಿರಿ. ಅವ್ವನಿಗೆ ಹೇಳಿಲ್ಲ, ಮಾವನಿಗೆ ಹೇಳಿಲ್ಲ. ಹೇಳಿದರೆ ಮಾವ ಆ ದಿನವೇ ಈ ಸಂಬಂಧಕ್ಕೆ ಕಲ್ಲು ಹಾಕುತ್ತಾರೆ. ಹೇಳದಿದ್ದರೆ ನಾನೂ ನಿಮ್ಮ ಸುಳ್ಳಿನ ಪಾಲುದಾರಳು. ಊಟಕ್ಕೆ ಕೂತರೆ ಅವ್ವನ ಮುಖ ನೋಡಲಾಗುತ್ತಿಲ್ಲ.

ಕಿವಿ ಕೇಳದವರ ಜೊತೆ ಬಾಳುವುದು ಹೇಗೆಂದು ನನಗೆ ಗೊತ್ತಿಲ್ಲ, ಯೋಚಿಸುತ್ತಿದ್ದೇನೆ. ಅಡುಗೆಮನೆಯಿಂದ ಕೂಗಿದರೆ ಕೇಳಿಸದು, ಎದ್ದು ಎದುರಿಗೆ ಬರಬೇಕು. ನನ್ನ ಮಂಡಿಗೆ ಕಷ್ಟ, ಬಾಯಿಗೆ ಒಳ್ಳೆಯದು. ಆದರೆ ಮುಚ್ಚಿಡುವವರ ಜೊತೆ ನನಗೆ ಆಗುವುದಿಲ್ಲ, ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ.

ಅದಕ್ಕೆ ಹೀಗೆ ಮಾಡಿ. ಫೆಬ್ರವರಿ ಎರಡಕ್ಕೆ ಬನ್ನಿ. ಮಷೀನು ಕಿವಿಯಲ್ಲಿರಲಿ. ಎಲೆ-ಅಡಿಕೆ ಮುಟ್ಟುವ ಮೊದಲು ನೀವೇ ಎದ್ದು ನಿಂತು, ಎಲ್ಲರ ಮುಂದೆ, ನಿಮ್ಮ ಬಾಯಿಂದಲೇ ಹೇಳಿ. ಹಾಲೇಶಪ್ಪನವರು ಹೇಳಬಾರದು, ನಿಮ್ಮ ತಾಯಿ ಹೇಳಬಾರದು, ನಾನಂತೂ ಹೇಳುವುದಿಲ್ಲ. ಹೇಳದಿದ್ದರೆ ತಟ್ಟೆಯನ್ನು ನಾನೇ ವಾಪಸ್ಸು ಕಳಿಸುತ್ತೇನೆ.

ಗಂಗಾಂಬಿಕಾ


ಹರಪನಹಳ್ಳಿ
25 ಜನವರಿ 2025

ಗಂಗಾಂಬಿಕಾ ಅವರಿಗೆ,

ಬರುತ್ತೇನೆ, ಹೇಳುತ್ತೇನೆ. ಅವ್ವ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನನಗೆ ಹೆದರಿಕೆ ಇರುವುದು ಹೇಳುವುದಕ್ಕಲ್ಲ. ಹೇಳಿದ ಮೇಲೆ ಎಲ್ಲರೂ ಒಮ್ಮೆಲೇ ಮಾತಾಡುತ್ತಾರೆ. ನನ್ನ ಮುಂದೆಯೇ ನನ್ನ ತೀರ್ಮಾನ ನಡೆಯುತ್ತದೆ, ನಾನು ಮುಖಗಳನ್ನು ನೋಡುತ್ತಾ ನಿಂತಿರುತ್ತೇನೆ. ಏನಾಯಿತೆಂದು ಆಮೇಲೆ ಅವ್ವನನ್ನು ಕೇಳಿದರೆ, ನನಗೆ ನೋವಾಗದಷ್ಟನ್ನು ಮಾತ್ರ ಹೇಳುತ್ತಾಳೆ. ಯಾವಾಗಲೂ ಹಾಗೆಯೇ.

ಗುರುಶಾಂತ


ಹಗರಿಬೊಮ್ಮನಹಳ್ಳಿ
2 ಫೆಬ್ರವರಿ 2025, ಸಂಜೆ

ಗುರುಶಾಂತ,

ನೀವು ಎದ್ದು ಹೊರಟುಹೋದಿರಿ. ಚಪ್ಪಲಿ ಹಾಕಿಕೊಂಡು ಬೀದಿಗೆ ಇಳಿಯುವಾಗ ನಾನು ಬಾಗಿಲಲ್ಲಿ ನಿಂತು ಕೂಗಿದೆ, ಮೂರ್ಖಳ ಹಾಗೆ. ಓಡಿಬಂದು ಎದುರು ನಿಲ್ಲಬೇಕೆಂದು ಹೊಳೆಯುವ ಹೊತ್ತಿಗೆ ನೀವು ಬಸ್ಸು ಹತ್ತಿದ್ದಿರಿ. ಅಲ್ಲಿ ಏನು ನಡೆಯಿತೆಂದು ಬಿಡಿಸಿ ಬರೆಯುತ್ತೇನೆ. ನಿಮಗೆ ನೋವಾಗುವುದನ್ನೂ ಬಿಡುವುದಿಲ್ಲ.

ನೀವು ಎದ್ದು ನಿಂತು ಹೇಳಿದಿರಿ. ಬಹಳ ಜೋರಾಗಿ ಹೇಳಿದಿರಿ. ಬೀದಿಯ ಕೊನೆಯ ಹಿಟ್ಟಿನ ಗಿರಣಿಯವರಿಗೂ ಕೇಳಿಸಿದೆ. ಇನ್ನು ಈ ಊರಿನಲ್ಲಿ ನಮ್ಮ ಸಂಬಂಧಕ್ಕೆ ಕಲ್ಲು ಹಾಕಲು ಯಾರ ಹತ್ತಿರವೂ ಗುಟ್ಟು ಉಳಿದಿಲ್ಲ.

ಮೊದಲು ಮಾವ ಅಂದರು: "ಕಿವುಡಗ ಹೆಣ್ಣು ಕೊಡಾಕ ನಮಗೇನ್ ಗತಿಗೆಟ್ಟೈತೇನು?" ನಿಮ್ಮ ಮುಖ ನೋಡಿ, ಇದು ನಿಮಗೆ ಅರ್ಥವಾಯಿತೆಂದು ನನಗೆ ತಿಳಿಯಿತು.

ಹಾಲೇಶಪ್ಪನವರು "ಅಷ್ಟೇನ್ ಇಲ್ರಿ, ಒಂದೀಟು ಮಂದ" ಅಂದರು. ಅವ್ವ ಅವರಿಗೆ "ನೀವು ಸುಮ್ಮನ ಕುಂದರ್ರಿ, ನಿಮ್ಮ ಮಾತ ಕೇಳಾಕ ನಮಗ ಕಿವಿ ಅದಾವಂತ ಏನ್ ಬೇಕಾದ್ದು ತುಂಬೀರೇನು?" ಅಂದಳು.

ನಿಮ್ಮ ತಾಯಿ ಸೆರಗು ಬಾಯಿಗಿಟ್ಟುಕೊಂಡು ಅಂದರು: "ನಾನೇ ಮುಚ್ಚಿಡು ಅಂದಿದ್ದು ಕಣ್ರೀ. ಅವನದೇನೂ ತಪ್ಪಿಲ್ಲ. ನನ್ನ ಮಗನ್ನ ಯಾರೂ ಬ್ಯಾಡ ಅನ್ನೋದನ್ನ ಇನ್ನೊಂದ್ಸಲ ನೋಡಕ್ಕೆ ನನ್ನ ಕೈಲಿ ಆಗ್ತಿದ್ದಿಲ್ಲ." ಇದನ್ನು ಅವರು ನಿಮಗೆ ಎಂದೂ ಹೇಳುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಆಮೇಲೆ ಮಾವ, "ಹಂಗಾರ ಅವತ್ತು ನಾ ಕರದಾಗ ಅವಗ ಕೇಳಿಸಿದ್ದ ಇಲ್ಲಾ? ಛೇ, ಸುಮ್ಮನ ಊರೆಲ್ಲಾ ಸೊಕ್ಕಿನವ ಅಂತ ಹೇಳಿಕೋತ ಬಂದೆ" ಅಂದರು. ನನ್ನ ಕಡೆ ತಿರುಗಿ "ನಿಂದೇನಬೇ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು:

"ಆಕೀನ ಏನ್ ಕೇಳ್ತಿ? ಮುಂಜಾನಿಂದ ಮಲಗೋತನಕ ವಟವಟ ಅಂತಾಳ. ಎರಡೂ ಕಿವಿ ಇದ್ದವರು ನಾವು ಹೆಂಗ ತಡಕೊಂಡೀವಿ ಅಂತ ನಮಗ ಗೊತ್ತು. ಆಕಿಗೆ ದೇವರು ಹುಡುಕಿ ಹುಡುಕಿ ಗಂಡನ್ನ ಕಳಿಸ್ಯಾನ!"

ಆಗ ಎಲ್ಲರೂ ನಕ್ಕದ್ದು. ಮಾವ ನಕ್ಕರು, ಹಾಲೇಶಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅಳುತ್ತಿದ್ದ ನಿಮ್ಮ ತಾಯಿಯೂ ನಕ್ಕರು. ನಾನೂ ನಕ್ಕೆ. ನೀವು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಿರಿ. ನಿಮ್ಮ ಮುಖ ಸಣ್ಣದಾಯಿತು. ಕಿವಿಯ ಮಷೀನು ತೆಗೆದು ಜೇಬಿಗೆ ಹಾಕಿಕೊಂಡು, ತಾಯಿಯ ಕೈ ಹಿಡಿದು ಎಬ್ಬಿಸಿದಿರಿ. ಅವರು ಏನೋ ಹೇಳಲು ಹೋದರು, ನೀವು ಅವರ ತುಟಿ ನೋಡಲಿಲ್ಲ.

ನಾವು ನಿಮಗೆ ನಗಲಿಲ್ಲ ಗುರುಶಾಂತ, ನನಗೆ ನಕ್ಕೆವು.

ಈ ಕಾಗದ ಕೊಟ್ಟೂರಿನಲ್ಲಿ ಕಾಯುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಮಾವನೇ ತರುತ್ತಾರೆ. ಈ ಸಲ ಎದುರಿಗೇ ನಿಂತು ಮಾತಾಡುತ್ತೇನೆ ಎಂದಿದ್ದಾರೆ. ಮಾವ ಕೇಳಿದ ಪ್ರಶ್ನೆಗೆ ನೀವು ಹೋದ ಮೇಲೆ ಉತ್ತರ ಕೊಟ್ಟೆ, ಒಪ್ಪಿಗೆ ಎಂದೆ. ಎಲೆ-ಅಡಿಕೆಯ ತಟ್ಟೆ ದೇವರ ಮುಂದೆಯೇ ಇದೆ. ಎಲೆಗಳಿಗೆ ಒದ್ದೆ ಬಟ್ಟೆ ಹೊದಿಸಿದ್ದೇನೆ. ನಾಳಿದ್ದಿನವರೆಗೆ ಬಾಡುವುದಿಲ್ಲ, ಅಷ್ಟರೊಳಗೆ ಬನ್ನಿ.

ಗಂಗಾ